ಮ್ಯೂನಿಕ್‌ನಲ್ಲಿ ಟವೆಲ್ ಹಾಕಿದ್ದು

ಸದಲಗಾದಿಂದ ಮ್ಯೂನಿಕ್‌ಗೆ ನೇರ ಬಸ್ಸಿಲ್ಲ. ಇದ್ದಿದ್ದರೆ ಈ ಬರಹದ ಅರ್ಧ ಭಾಗ ದಾರಿಯಲ್ಲೇ ಮುಗಿಯುತ್ತಿತ್ತು. ವಿಮಾನದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ ನೋಡಿ. ನಡುವೆ ಯಾರೂ ಇಳಿಯುವುದಿಲ್ಲ, ಯಾರೂ ಹತ್ತುವುದಿಲ್ಲ, ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಲ್ಲುವುದಿಲ್ಲ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರೂ ಇಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಕೂಗುತ್ತ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದೇ ಆಯುಷ್ಯ ಕಳೆದ ಕಂಡಕ್ಟರ್ ನಾನು. ನನಗೆ ಅದು ಪ್ರಯಾಣ ಅನ್ನಿಸಲೇ ಇಲ್ಲ.

ಟವೆಲ್ಲಿನ ವಿಷಯ ಬಂತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲುಗಳು ಹಾರಿ ಬರುತ್ತವೆ. ಟವೆಲ್ ಎಲ್ಲಿ ಬಿತ್ತೋ ಆ ಸೀಟು ಅವನದು. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಇದರಷ್ಟು ಗಟ್ಟಿಯಾದ ಕಾನೂನು ನಾನು ಇನ್ನೊಂದು ನೋಡಿಲ್ಲ. ಎಷ್ಟೋ ಜಗಳ ಬಗೆಹರಿಸಿದ್ದೇನೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಟವೆಲ್ ಯಾರದ್ರೀ?" ಅದಕ್ಕೆ ಉತ್ತರ ಸಿಕ್ಕರೆ ಜಗಳ ಮುಗಿದಂತೆ.

ನಮ್ಮ ಮಗಳು ರೇಖಾ ಮ್ಯೂನಿಕ್‌ನ ಒಂದು ದವಾಖಾನೆಯಲ್ಲಿ ನರ್ಸು. ಅವಳನ್ನು ನೋಡಲು ನಾನೂ ನನ್ನ ಹೆಂಡತಿ ಕಸ್ತೂರಿಯೂ ಹೋಗಿದ್ದು. ಅಲ್ಲಿ ಬೇಸಿಗೆ. ಬೇಸಿಗೆ ಅಂದರೆ ನಮ್ಮ ಬೇಸಿಗೆಯಲ್ಲ ಬಿಡಿ. ನಮ್ಮಲ್ಲಿ ದೀಪಾವಳಿ ಮುಗಿದ ಮೇಲೆ ಬೀಳುವಂಥ ಎಳೆ ಬಿಸಿಲು. ಅಷ್ಟಕ್ಕೇ ಆ ಊರಿನವರೆಲ್ಲ ಅಂಗಿ ಬಿಚ್ಚಿ ಬೀದಿಗೆ ಬಂದಿದ್ದರು.

ಒಂದೇ ತಾಟು

ರೇಖಾಳ ಮನೆ ನಮ್ಮ ದನದ ಕೊಟ್ಟಿಗೆಗಿಂತ ಚಿಕ್ಕದು, ಆದರೆ ಫಳಫಳ ಹೊಳೆಯುತ್ತಿತ್ತು. ಕಸ್ತೂರಿ ಬಂದವಳೇ ಗಂಟು ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಬೆಲ್ಲ, ಅವಲಕ್ಕಿ, ಎಲ್ಲ ಹೊರಬಂತು. ಬಟ್ಟೆ ಕಡಿಮೆ ತಂದಿದ್ದೆವು, ಊಟ ಹೆಚ್ಚು.

"ತಾಟ ಎಲ್ಲಿ ಇಟ್ಟೀಯವ್ವಾ?" ಎಂದು ಕೇಳಿದಳು.

"ಅಲ್ಲೇ ಮ್ಯಾಲ ಐತಲ್ಲವ್ವಾ."

ಇತ್ತು. ಒಂದು. ಒಂದು ತಾಟು, ಒಂದು ಕಪ್ಪು, ಒಂದು ಚಮಚ. ಕಸ್ತೂರಿ ಉಳಿದ ಕಪಾಟುಗಳನ್ನೂ ತೆಗೆದು ನೋಡಿದಳು. ಆಮೇಲೆ ಏನೂ ಮಾತಾಡಲಿಲ್ಲ. ನನ್ನ ಹೆಂಡತಿ ಬೈದರೆ ನನಗೆ ಹೆದರಿಕೆಯಿಲ್ಲ, ಸುಮ್ಮನಾದರೆ ಎದೆ ಝಲ್ಲೆನ್ನುತ್ತದೆ.

ಒಬ್ಬರಾದ ಮೇಲೆ ಒಬ್ಬರು ಅದೇ ತಾಟಿನಲ್ಲಿ ಊಟ ಮಾಡಿದೆವು. ಕೊನೆಗೆ ಕಸ್ತೂರಿ ಬಾಯಿ ತೆರೆದಳು. "ಫೋನಿನ್ಯಾಗ ಹೇಳ್ತಿದ್ದಿ, ಭಾಳ ಮಂದಿ ಗೆಳತ್ಯಾರ ಅದಾರಂತ. ಅವ್ರು ಮನಿಗಿ ಬಂದ್ರ ಅಂಗೈಯಾಗ ಹಾಕ್ಕೊಂಡ ಉಣ್ತಾರೇನು?"

"ಎಲ್ಲಾರ ಪಾಳಿ ಬ್ಯಾರೆ ಬ್ಯಾರೆ ಇರ್ತಾವ ಅವ್ವಾ. ಯಾರ ಬರ್ತಾರ?"

"ಹಂಗಾರ ನಿನ್ನ ಜೋಡಿ ಕುಂತ ಉಣ್ಣಾವ್ರ ಯಾರು?"

ರೇಖಾ ತಾಟು ತೊಳೆಯಲು ಎದ್ದಳು. ಕಸ್ತೂರಿ ಆಗಲೇ ತೀರ್ಪು ಕೊಟ್ಟುಬಿಟ್ಟಳು. "ನಾವು ಪರತ ಹೋಗೂದ್ರೊಳಗ ನಿನ್ನ ಜೋಡಿ ಕುಂತ ಉಣ್ಣಾವ್ರನ್ನ ನಾ ಕಣ್ಣಾರೆ ನೋಡಬೇಕು. ಇಲ್ಲಾಂದ್ರ ಈ ಕೆಲಸಾ ಬಿಟ್ಟ ನಮ್ಮ ಜೋಡಿ ಊರಿಗಿ ಬರಬೇಕು. ನಿಪ್ಪಾಣ್ಯಾಗ ದವಾಖಾನಿ ಇಲ್ಲೇನು?"

"ಅವ್ವಾ, ನನಗಿಲ್ಲಿ ಕೆಲಸ ಸೇರತೈತಿ. ಆ ಭಾಷಾ ಕಲ್ಯಾಕ ಎಷ್ಟ ಒದ್ದಾಡೇನಿ ಗೊತ್ತೈತಿಲ್ಲ ನಿನಗ? ಈಗ ನಾ ಹೇಳಿದ್ರ ಡಾಕ್ಟರ ಸುದ್ದಾ ಕೇಳ್ತಾರ."

"ಕೆಲಸ ಸೇರತೈತಿ, ಖರೆ. ಕೂಳ ಸೇರತೈತೇನು?"

ರೇಖಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಹೆಂಡತಿ ಹೇಳಿದ್ದೂ ಸರಿ, ಮಗಳು ಹೇಳಿದ್ದೂ ಸರಿ. ಇಂಥ ಹೊತ್ತಿನಲ್ಲಿ ಗಂಡಸು ಕಿಟಕಿಯಲ್ಲದೆ ಇನ್ನೇನು ನೋಡಬೇಕು? ತಾಯಿಯಷ್ಟೇ ಹಟದವಳು ರೇಖಾ. ಸಿಟ್ಟಿನಲ್ಲಿ "ಆತು" ಅಂದುಬಿಟ್ಟಳು. ಹೀಗೆ ನಮ್ಮ ಪ್ರವಾಸ ಶುರುವಾಯಿತು. ಜನ ಅರಮನೆ ನೋಡಲು ಹೋಗುತ್ತಾರೆ, ನಾವು ಉಣ್ಣುವವರನ್ನು ಹುಡುಕಲು ಹೊರಟೆವು.

ಕಂಡಕ್ಟರ್ ಇಲ್ಲದ ಗಾಡಿ

ಮರುದಿನ ರೇಖಾ ಕೆಲಸಕ್ಕೆ ಹೋದಳು. ಹೋಗುವಾಗ ನಮ್ಮಿಬ್ಬರಿಗೆ ಊರೆಲ್ಲ ಸುತ್ತುವ ಒಂದು ಚೀಟಿ ಕೊಟ್ಟು, ಎಲ್ಲಿ ಹತ್ತಬೇಕು ಎಲ್ಲಿ ಇಳಿಯಬೇಕು ಎಂದು ಹೇಳಿಕೊಟ್ಟಳು. ಅದೊಂದು ಚೀಟಿ ಇದ್ದರೆ ಸಾಕು, ಇಡೀ ದಿನ ಟ್ರಾಮು, ಬಸ್ಸು, ನೆಲದಡಿಯ ರೈಲು ಯಾವುದಾದರೂ ಹತ್ತಬಹುದು. ಖರ್ಚಿಲ್ಲದೆ ಊರು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕಿಟಕಿ ಪಕ್ಕ ಕೂತರೆ ಚರ್ಚು, ಅರಮನೆ, ತೋಟ ಎಲ್ಲ ತಾವಾಗಿಯೇ ಹಿಂದಕ್ಕೆ ಹೋಗುತ್ತವೆ.

ಆದರೆ ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ! ಬಾಗಿಲಲ್ಲಿ ತಡೆಯುವವರೂ ಇಲ್ಲ. ಜನ ತಾವೇ ಹತ್ತುತ್ತಾರೆ, ತಾವೇ ಇಳಿಯುತ್ತಾರೆ. ನನಗೆ ಕೂರಲು ಆಗಲಿಲ್ಲ. ತಾಯಿಯಿಲ್ಲದ ಮನೆಗೆ ಹೋದಂತಾಯಿತು. ಎದುರು ಕೂತ ಹುಡುಗನ ಕೈಯಲ್ಲಿ ಟಿಕೆಟ್ ಕಾಣಲಿಲ್ಲ. ಕೇಳಲೋ ಬೇಡವೋ ಎಂದು ನನ್ನ ನಾಲಿಗೆ ಚಡಪಡಿಸುತ್ತಿತ್ತು. ಕಸ್ತೂರಿ ನನ್ನ ಅಂಗಿ ಹಿಡಿದು ಕೂರಿಸಿದಳು. "ರಿಟಾಯರ್ ಆಗೀರಿ. ಸುಮ್ನ ಕುಂದರ್ರಿ."

ಅಷ್ಟರಲ್ಲಿ ಸಾದಾ ಬಟ್ಟೆಯಲ್ಲಿದ್ದ ಒಬ್ಬ ಮನುಷ್ಯ ಎದ್ದು ಎಲ್ಲರ ಟಿಕೆಟ್ ನೋಡತೊಡಗಿದ. ತಪಾಸಣೆಯವನು! ನನ್ನ ಮೈ ರೋಮಾಂಚನಗೊಂಡಿತು. ಎದ್ದು ನಿಂತು ಕೈ ಕುಲುಕಿದೆ. "ನಮ್ಮದೂ ಇದ ಲೈನ್ ರೀ ಸಾಹೇಬ್ರ, ಚಿಕ್ಕೋಡಿ ಡಿಪೋ" ಎಂದು ಹೇಳಿ ಅವನು ಕೇಳುವ ಮೊದಲೇ ನಮ್ಮ ಚೀಟಿ ಮುಂದೆ ಹಿಡಿದೆ. ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನನ್ನು ನೋಡಿದ. ಮತ್ತೆ ಚೀಟಿ ನೋಡಿದ. ಆಮೇಲೆ ಮುಂದಿನ ನಿಲ್ದಾಣದಲ್ಲಿ ನಮ್ಮಿಬ್ಬರನ್ನೂ ಇಳಿಸಿದ.

ಸಂಗತಿ ಏನೆಂದರೆ, ಹತ್ತುವ ಮೊದಲು ಆ ಚೀಟಿಯನ್ನು ನಿಲ್ದಾಣದ ಪೆಟ್ಟಿಗೆಯೊಂದಕ್ಕೆ ತೂರಿಸಿ ಠಸೆ ಒತ್ತಿಸಬೇಕಂತೆ. ರೇಖಾ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಟಿಕೆಟ್ ವಿಷಯ ನನಗೆ ಇವಳೇನು ಹೇಳುವುದು ಎಂಬ ಸೊಕ್ಕು. ಆ ಪುಣ್ಯಾತ್ಮ ದಂಡ ಹಾಕಲಿಲ್ಲ. ನನ್ನ ಕೈ ಹಿಡಿದು ಆ ಪೆಟ್ಟಿಗೆಯ ಹತ್ತಿರ ಕರೆದೊಯ್ದು ಠಸೆ ಒತ್ತಿಸಿ, ತಲೆ ಅಲ್ಲಾಡಿಸುತ್ತ ಹೋದ.

"ಜನ್ಮ ಪೂರ್ತಿ ಮಂದಿನ್ನ ಇಳಿಸಿದ್ರಿ" ಎಂದಳು ಕಸ್ತೂರಿ. "ಇವತ್ತ ನಿಮ್ಮನ್ನ ಇಳಿಸಿದ್ರು ನೋಡ್ರಿ." ಆ ದಿನವೆಲ್ಲ ನಡುನಡುವೆ ನೆನಪಾಗಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಒಂದೇ ತಾಟು ನೋಡಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ನಾನೂ ಸಹಿಸಿಕೊಂಡೆ.

ಹೊಳೆಯ ದಂಡೆ

ರೇಖಾಳಿಗೆ ರಜೆ ಸಿಕ್ಕ ದಿನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದೆವು. ಈಸರ್ ಎಂದು ಅದರ ಹೆಸರು, ಊರ ನಡುವೆಯೇ ಹರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ದೂಧಗಂಗೆಯ ನೀರು ಮಡುವಿಗೆ ಇಳಿದು ಅದರಲ್ಲಿ ಎಮ್ಮೆಗಳು ಮಲಗಿರುತ್ತವೆ. ಇಲ್ಲಿ ನೀರು ತುಂಬಿ ಹರಿಯುತ್ತಿತ್ತು, ಮನುಷ್ಯರು ಮಲಗಿದ್ದರು. ಒಳಗೆ ಬಿಡಲು ಟಿಕೆಟ್ ಇಲ್ಲ, ಕೂರಲು ಬಾಡಿಗೆ ಇಲ್ಲ, ಕುಡಿಯಲು ಅಲ್ಲಲ್ಲಿ ನಲ್ಲಿ. ಇಷ್ಟು ದೊಡ್ಡ ಶ್ರೀಮಂತ ಊರಿನವರು ಇಷ್ಟು ಬಡವರ ಸುಖ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಆ ಖುಷಿಯಲ್ಲಿ ಸ್ವಲ್ಪ ಮುಂದೆ ನಡೆದೆವು. ಅಯ್ಯೋ ದೇವರೇ! ಅಲ್ಲಿ ಮಲಗಿದ್ದವರ ಮೈಮೇಲೆ ನೂಲೆಳೆಯೂ ಇರಲಿಲ್ಲ. ನನ್ನ ವಯಸ್ಸಿನ ಗಂಡಹೆಂಡತಿ ಇಬ್ಬರು ಹುಟ್ಟಿದ ವೇಷದಲ್ಲಿ ಕೂತು ಪೇಪರ್ ಓದುತ್ತಿದ್ದರು. ಅವರು ತಲೆಯೆತ್ತಿ ನಮಗೆ ನಮಸ್ಕಾರ ಹೇಳಿದರು. ನಾನೂ ಹೇಳಿದೆ, ಆಕಾಶ ನೋಡಿಕೊಂಡು. ಕಸ್ತೂರಿ ಸೆರಗಿನಿಂದ ಮುಖ ಮುಚ್ಚಿಕೊಂಡು ರೇಖಾಳ ಬೆನ್ನು ಹಿಡಿದು ನಡೆದಳು.

"ಇದು ಅವ್ರ ಜಾಗಾ ಅವ್ವಾ. ಇಲ್ಲಿ ನಡಿತೈತಿ. ಮುಂದ ಹೋದ್ರ ಎಲ್ಲಾರೂ ಅರಬಿ ಹಾಕ್ಕೊಂಡಿರ್ತಾರ."

"ಲಗೂನ ನಡಿ ಬೇ!"

ಮುಂದೆ ಒಂದು ಕಲ್ಲಿನ ದಿಬ್ಬದ ಮೇಲೆ ಕೂತೆವು. ಕಸ್ತೂರಿ ಹೊಳೆಗೆ ಬೆನ್ನು ಮಾಡಿ ಕೂತಳು, ಎಷ್ಟು ಭರವಸೆ ಕೊಟ್ಟರೂ ತಿರುಗಲಿಲ್ಲ. ನಾನು ದೂಧಗಂಗೆಯಲ್ಲಿ ಈಜಿ ಬೆಳೆದವನು. ಲುಂಗಿ ಸುತ್ತಿಕೊಂಡು ನೀರಿಗೆ ಹಾರಿದೆ. ಆ ನೀರು ಹಿಮದ ಗುಡ್ಡದಿಂದ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಉಸಿರು ನಿಂತಿತು. ಉಸಿರು ವಾಪಸ್ಸು ಬರುವಷ್ಟರಲ್ಲಿ ಲುಂಗಿ ಹೊರಟುಹೋಗಿತ್ತು. ಅದು ಹೊಳೆಯ ನಡುವೆ ತೇಲುತ್ತ ಆ ಪೇಪರ್ ಓದುವವರ ಕಡೆಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ಆ ದಂಡೆಯ ಮೇಲೆ ಅದನ್ನು ಗಮನಿಸಿದವಳು ನನ್ನ ಮಗಳು ಒಬ್ಬಳೇ. ರೇಖಾ ದೂರದಿಂದಲೇ ನನ್ನ ಟವೆಲ್ ಎಸೆದಳು. ನಿಪ್ಪಾಣಿ ಸಂತೆಯಲ್ಲಿ ಕೊಂಡ ಕೆಂಪಂಚಿನ ಬಿಳಿ ಟವೆಲ್ ಅದು, ಅವತ್ತು ನನ್ನ ಮಾನ ಉಳಿಸಿತು.

ಊಟಕ್ಕೆ ಕೂತೆವು. ಪಕ್ಕದಲ್ಲಿ ಒಬ್ಬಳು ಹೆಣ್ಣುಮಗಳು ಒಂಟಿಯಾಗಿ ಕೂತಿದ್ದಳು. ನಮ್ಮ ಕಡೆ ಹೊಲದಲ್ಲಿ ಬುತ್ತಿ ಬಿಚ್ಚಿದರೆ ಕಣ್ಣಿಗೆ ಕಂಡವರನ್ನೆಲ್ಲ ಕರೆಯುತ್ತೇವೆ, ಕರೆಯದೆ ತುತ್ತು ಇಳಿಯುವುದಿಲ್ಲ. ಕಸ್ತೂರಿ ರೊಟ್ಟಿ ಎತ್ತಿ ತೋರಿಸಿ "ಬಾರವ್ವಾ, ಊಟಾ ಮಾಡೂಣು" ಅಂದಳು. ಆಕೆ ನಕ್ಕು "ನೈನ್, ಡಾಂಕೆ" ಎಂದಳು. ಬೇಡ, ಧನ್ಯವಾದ ಎಂದರ್ಥ. ಕಸ್ತೂರಿ ಮತ್ತೆ ಕರೆಯಲು ಬಾಯಿ ತೆರೆಯುವುದರೊಳಗೆ ಆಕೆ ತಿರುಗಿ ಪುಸ್ತಕ ಓದಲು ಶುರುಮಾಡಿದ್ದಳು.

"ಒಮ್ಮಿ ಬ್ಯಾಡಂದ್ರ ಬ್ಯಾಡಾನ ಏನು?" ಎಂದಳು ಕಸ್ತೂರಿ ಗಾಬರಿಯಾಗಿ.

"ಹೂಂ ಅವ್ವಾ. ಇಲ್ಲಿ ಒಮ್ಮಿನ ಕೇಳ್ತಾರ, ಒಮ್ಮಿನ ಹೇಳ್ತಾರ." ರೇಖಾ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದಳು. "ನಾನು ಬಂದ ಹೊಸದಾಗ ಜೋಡಿ ಕೆಲಸಾ ಮಾಡಾವ್ರು ಎಲ್ಲಾರೂ ಕರದಿದ್ರು. ಊಟಕ್ಕ ಬಾ, ತಿರಗಾಡಾಕ ಬಾ ಅಂತ. ನಾ ಬ್ಯಾಡ ಅಂದೆ."

"ಯಾಕ ಅಂದಿ?"

"ಮತ್ತ? ಕರದ ಕೂಡ್ಲೇ ಎದ್ದ ಹೊಂಟ್ರ ಏನ ಅನ್ಕೊಂತಾರ? ಇನ್ನೊಮ್ಮಿ ಕರೀತಾರ, ಆಮ್ಯಾಲ ಹೋಗೂಣು ಅಂದ್ಕೊಂಡೆ. ಅವ್ರು ಇನ್ನೊಮ್ಮಿ ಕರೀಲಿಲ್ಲ. ಇಕಿಗಿ ಮಂದಿ ಜೋಡಿ ಸೇರೂದಿಲ್ಲ ಅಂತ ತಿಳ್ಕೊಂಡ್ರು. ಈಗ ನಾನಾಗಿ ಹೋಗಿ ಕೇಳಾಕ ನಾಚಿಗಿ ಬರತೈತಿ."

ಆ ನಡತೆ ಕಲಿಸಿದವರು ನಾವೇ ಅಲ್ಲವೇ? ಬೀಗರ ಮನೆಯಲ್ಲಿ ಒಂದೇ ಸಲಕ್ಕೆ ಹೂಂ ಅನ್ನಬೇಡ, ಉಪವಾಸ ಬಿದ್ದವರು ಎಂದುಕೊಳ್ಳುತ್ತಾರೆ ಎಂದು ಚಿಕ್ಕಂದಿನಿಂದ ಚಿವುಟಿ ಚಿವುಟಿ ಕಲಿಸಿದ್ದೆವು. ಒತ್ತಾಯ ಮಾಡಿಸಿಕೊಂಡು ಉಣ್ಣುವುದೇ ನಮ್ಮಲ್ಲಿ ಮರ್ಯಾದೆ. ನಮ್ಮ ಆ ಮರ್ಯಾದೆ ಇಲ್ಲಿ ಮಗಳನ್ನು ಒಂದು ತಾಟಿನ ಮುಂದೆ ಒಂಟಿಯಾಗಿ ಕೂರಿಸಿತ್ತು.

ತಿಂದದ್ದು, ಕುಡಿದದ್ದು

ಅಗ್ಗಕ್ಕೆ ಹೊಟ್ಟೆ ತುಂಬುವ ವಿಷಯ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಹೇಳುತ್ತೇನೆ. ಅಲ್ಲಿ ಪ್ರೆಟ್ಸೆಲ್ ಎಂಬ ಗಂಟು ಹಾಕಿದ ಬ್ರೆಡ್ಡು ಎಲ್ಲ ಬೀದಿಯಲ್ಲೂ ಸಿಗುತ್ತದೆ. ಮೇಲೆ ಹರಳು ಉಪ್ಪು. ನಾನು ಉಪ್ಪನ್ನೆಲ್ಲ ಉಗುರಿನಿಂದ ಕೆರೆದು ಹಾಕಿ ತಿಂದೆ, ಅಂಗಡಿಯವಳು ನೊಂದುಕೊಂಡಳು. ಆಲೂಗಡ್ಡೆಯಿಂದ ಚೆಂಡಿನಷ್ಟು ದೊಡ್ಡ ಉಂಡೆ ಮಾಡುತ್ತಾರೆ. ಒಂದು ತಿಂದರೆ ಸಂಜೆಯವರೆಗೆ ಹಸಿವಿನ ಮಾತಿಲ್ಲ, ನಡೆಯುವ ಮಾತೂ ಇಲ್ಲ. ನಾವು ಮಾಂಸ ತಿನ್ನುವವರಲ್ಲ. ಕಸ್ತೂರಿ ಪ್ರತಿಯೊಂದು ಪದಾರ್ಥವನ್ನೂ ಮೂಸಿ ನೋಡಿಯೇ ಬಾಯಿಗಿಡುತ್ತಿದ್ದಳು.

ರೈಲು ನಿಲ್ದಾಣದ ಹತ್ತಿರ ಒಬ್ಬ ತುರ್ಕಿಯವನ ಅಂಗಡಿಯಿತ್ತು. ಅವನು ತಂದೂರದಿಂದ ಬಿಸಿ ರೊಟ್ಟಿ ತೆಗೆದು ಕಾಯಿಪಲ್ಯ ಹಾಕಿ ಕೊಟ್ಟ. ಆಮೇಲೆ ಚಹಾ ಕುಡಿಯಿರಿ ಎಂದ, ನಾವು ಬೇಡ ಎಂದೆವು. ಮತ್ತೆ ಅಂದ, ಬೇಡ ಎಂದೆವು. ಅವನು ನಮ್ಮನ್ನು ಕೇಳದೆ ಲೋಟ ತಂದಿಟ್ಟೇಬಿಟ್ಟ. ಕಸ್ತೂರಿಯ ಕಣ್ಣಲ್ಲಿ ನೀರು ಬಂತು. "ಇಂವ ನಮ್ಮಾಂವ ನೋಡ್ರಿ" ಅಂದಳು. ಇವನನ್ನೇ ಲೆಕ್ಕಕ್ಕೆ ಹಿಡಿಯಬಹುದಲ್ಲ ಎಂದು ನಾನು ಮೆಲ್ಲಗೆ ಕೇಳಿದೆ.

"ಅಂಗಡಿಯಾಂವ ಬಡಸಾಂವ. ಜೋಡಿ ಕುಂತ ಉಣ್ಣಾಂವ ಅಲ್ಲ."

ಅವಳ ನ್ಯಾಯ ಅವಳದು.

ಚೆಸ್ಟ್‌ನಟ್ ಗಿಡಗಳ ಕೆಳಗೆ

ನಾವು ಹೊರಡುವ ಮುಂಚಿನ ಭಾನುವಾರ ಬಂತು. ರೇಖಾ ಬೆಳಗಿನ ಪಾಳಿಗೆ ಹೋಗಿದ್ದಳು. ಮಧ್ಯಾಹ್ನ ಪಾಳಿ ಮುಗಿಸಿ ನೇರ ಒಂದು ಬಿಯರ್ ತೋಟಕ್ಕೆ ಬರುತ್ತೇನೆ, ನೀವು ಮೊದಲು ಹೋಗಿ ಜಾಗ ಹಿಡಿಯಿರಿ ಎಂದಿದ್ದಳು. ಬಿಯರ್ ತೋಟವೆಂದರೆ ಕಸ್ತೂರಿ ಬರಲು ಒಪ್ಪಿರಲಿಲ್ಲ. ಆಗ ರೇಖಾ ಒಂದು ಮಾತು ಹೇಳಿದ್ದಳು. "ಅವ್ವಾ, ಅಲ್ಲಿ ಮನಿ ಬುತ್ತಿ ಒಯ್ದ ಉಣ್ಣಬಹುದು. ಯಾರೂ ಏನೂ ಅನ್ನೂದಿಲ್ಲ. ಕುಡ್ಯಾಕ ಅಷ್ಟ ಅವ್ರ ಕಡೆ ತಗೋಬೇಕು. ಸೇಬಿನ ರಸಾನೂ ಸಿಗತೈತಿ." ಹೋಟೆಲ್ಲಿಗೆ ಬುತ್ತಿ ಒಯ್ಯಬಹುದು ಎಂದರೆ ಆ ಹೋಟೆಲ್ಲಿನವನು ಸಂತನೇ ಇರಬೇಕು ಎಂದು ಕಸ್ತೂರಿ ಹೊರಟಳು. ರೇಖಾ ತಾನೂ ಅಲ್ಲಿಗೆ ಯಾವತ್ತೂ ಹೋಗಿರಲಿಲ್ಲ. ಒಬ್ಬಳೇ ಹೋಗಿ ಎಲ್ಲಿ ಕೂರುವುದು?

ದೊಡ್ಡ ದೊಡ್ಡ ಚೆಸ್ಟ್‌ನಟ್ ಗಿಡಗಳು, ಕೆಳಗೆ ಉದ್ದುದ್ದ ಮೇಜು, ಬೆಂಚು. ಅಪರಿಚಿತರು ಒಬ್ಬರ ಪಕ್ಕ ಒಬ್ಬರು ಒತ್ತಿ ಕೂತಿದ್ದರು. ಬಿಯರನ್ನು ಲೋಟದಲ್ಲಲ್ಲ, ತಂಬಿಗೆಯಷ್ಟು ದೊಡ್ಡ ಗಾಜಿನ ಪಾತ್ರೆಯಲ್ಲಿ ಕುಡಿಯುತ್ತಿದ್ದರು. ಅಮಾಸೆಯ ದಿನದ ಬಸ್ಸಿನಂತೆ ತೋಟ ತುಂಬಿತ್ತು. ನಡುವೆ ಒಳ್ಳೆಯ ನೆರಳಿನಲ್ಲಿ ಒಂದೇ ಒಂದು ಮೇಜು ಪೂರ್ತಿ ಖಾಲಿ! ಮೇಜಿನ ಮೇಲೊಂದು ಹಿತ್ತಾಳೆಯ ಫಲಕವಿತ್ತು. ಏನೋ ಬರೆದಿತ್ತು, ಅಂಗಡಿಯ ಹೆಸರಿರಬೇಕು ಎಂದುಕೊಂಡೆ. ಪಾನೀಯ ತರಲು ನಾವೇ ಹೋಗಬೇಕು, ಕಸ್ತೂರಿ ಒಬ್ಬಳೇ ಕೂರಲು ತಯಾರಿಲ್ಲ. ನಾನು ಹೆಗಲ ಮೇಲಿನ ಟವೆಲ್ ತೆಗೆದು ಬೆಂಚಿನ ಮೇಲೆ ಹಾಸಿದೆ. ಜೀವನದಲ್ಲಿ ನಾನೇ ಟವೆಲ್ ಹಾಕಿದ್ದು ಅದೇ ಮೊದಲು.

ಸೇಬಿನ ರಸ ಹಿಡಿದು ವಾಪಸ್ಸು ಬಂದರೆ ಮೇಜಿನ ಸುತ್ತ ಮುದುಕರ ದಂಡು. ನಮ್ಮ ಟವೆಲ್ ಮಡಿಚಿ ಮೂಲೆಗೆ ಇಡಲಾಗಿತ್ತು. ಮಡಿಚಿ! ಹಾಕಿದ ಟವೆಲ್ ಸರಿಸಿದವರ ಕಾಲರಿಗೆ ಕೈ ಹೋದದ್ದನ್ನು ನಾನು ಅಥಣಿ ಸ್ಟ್ಯಾಂಡಿನಲ್ಲಿ ಎಷ್ಟು ಸಲ ಬಿಡಿಸಿದ್ದೇನೆ. ಅವರ ಮುಂದಾಳು ಪೊದೆ ಮೀಸೆಯ ಒಬ್ಬ ಅಜ್ಜ, ಹೆಸರು ಅಲೋಯಿಸ್ ಎಂದು ಆಮೇಲೆ ತಿಳಿಯಿತು.

"ಅಜ್ಜಾರ, ಟವೆಲ್ ನಂದು. ನಾ ಹಾಕಿ ಹೋಗೇನಿ" ಎಂದೆ. ಮೀಸೆಯಜ್ಜ ತನ್ನ ಭಾಷೆಯಲ್ಲಿ ಏನೋ ಗುಡುಗಿ ಹಿತ್ತಾಳೆ ಫಲಕ ಕುಟ್ಟಿದ. ನಾನು ಟವೆಲ್ ಕುಟ್ಟಿದೆ. ಅವನು ಫಲಕ ಕುಟ್ಟಿದ. "ಬೋರ್ಡ್ ಎಲ್ಲಾ ಗಾಡಿಗೂ ಇರತೈತ್ರಿ, ಸೀಟ ಹಿಡ್ಯಾವ್ರು ಟವೆಲ್ ಹಾಕಬೇಕು!" ಎಂದೆ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನ ಒಂದು ಶಬ್ದವೂ ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ಆದರೂ ಇಬ್ಬರೂ ಒಂದಕ್ಕೊಂದು ಸರಿಯಾದ ಉತ್ತರವನ್ನೇ ಕೊಡುತ್ತಿದ್ದೆವು.

"ಏನ್ರಿ, ಅವ್ರ ವಯಸ್ಸರ ನೋಡ್ರಿ. ಹೊತ್ತ ಆತು, ಕುಂದರ್ರಿ." ಕಸ್ತೂರಿ ಬೆಂಚಿನ ತುದಿಗೆ ಕೂತು ಬುತ್ತಿ ಬಿಚ್ಚಿಯೇಬಿಟ್ಟಳು. ಬಿಚ್ಚಿದ ಮೇಲೆ ಕರೆಯದೆ ಇರಲು ಸಾಧ್ಯವೇ? ಇಡೀ ಮೇಜಿಗೆ ಕೈ ಬೀಸಿ "ಬರ್ರೀ, ಊಟಾ ಮಾಡೂಣು" ಎಂದಳು. ಮೀಸೆಯಜ್ಜ "ನೈನ್" ಎಂದ. ಹೊಳೆ ದಂಡೆಯಲ್ಲಿ ಒಂದು ಸಲ ಸೋತವಳು ಕಸ್ತೂರಿ. ಈ ಸಲ ಕೇಳುತ್ತ ಕೂರಲಿಲ್ಲ. ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಇಟ್ಟು, ಅವನ ಅಂಗೈಗೇ ಹಾಕಿದಳು.

ಅಜ್ಜ ಬಾಯಿಗೆ ಹಾಕಿಕೊಂಡ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕಣ್ಣು ತೇಲಿದವು. ತಂಬಿಗೆ ಎತ್ತಿ ಅರ್ಧ ಬಿಯರ್ ಕುಡಿದ. ಪೊಲೀಸರು ಬಂದರೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಅಜ್ಜ ಮೀಸೆ ಒರೆಸಿಕೊಂಡು ಮತ್ತೆ ಕೈ ಚಾಚಿದ.

ಆಮೇಲೆ ಅವನು ಕೆಳಗಿನಿಂದ ತನ್ನ ಬುಟ್ಟಿ ಎತ್ತಿ ಚೌಕಡಿ ಬಟ್ಟೆ ಹಾಸಿದ. ಒಳಗಿಂದ ಬ್ರೆಡ್ಡು, ಗಿಣ್ಣಿನಂಥದ್ದು, ಉಳ್ಳಾಗಡ್ಡಿ, ಮತ್ತು ಹಸಿ ಮೂಲಂಗಿ ಹೊರಬಂತು. ಮೂಲಂಗಿಯನ್ನು ತೆಳ್ಳಗೆ ಹೆಚ್ಚಿ ಉಪ್ಪು ಸವರಿ ಕಸ್ತೂರಿಯ ಮುಂದೆ ಇಟ್ಟ.

"ಏನ್ರಿ!" ಕಸ್ತೂರಿ ನನ್ನ ತೋಳು ಹಿಡಿದು ಅಲುಗಿಸಿದಳು. "ಇವ್ರೂ ಮನಿಯಿಂದ ಬುತ್ತಿ ತಂದಾರ್ರಿ! ರೊಟ್ಟಿ ಜೋಡಿ ಹಸಿ ಮೂಲಂಗಿ ತಿಂತಾರ್ರಿ!" ಆ ಊರಿನ ಮೇಲೆ ಅವಳಿಗಿದ್ದ ಸಿಟ್ಟು ಅರ್ಧ ಇಳಿದದ್ದು ಆಗಲೇ.

ರೇಖಾ ಓಡುತ್ತ ಬಂದಳು. ನಾವು ಕೂತ ಮೇಜು ನೋಡಿ ಅವಳ ಮುಖ ಬಿಳಿಚಿಕೊಂಡಿತು. "ಅಪ್ಪಾ, ಏಳ ಮ್ಯಾಲ! ಇದು ಇವ್ರ ಕಾಯಂ ಜಾಗಾ. ವರ್ಷಾನುಗಟ್ಟಲೆ ಇಲ್ಲೇ ಕುಂದರತಾರ. ಬೋರ್ಡಿನ ಮ್ಯಾಲ ಅದ ಬರದೈತಿ. ಹೊರಗಿನವ್ರು ಕುಂದ್ರೂಹಂಗಿಲ್ಲ!" ನಾಚಿಕೆಯಿಂದ ನಾನು ಕುಗ್ಗಿಹೋದೆ. ಕಂಡಕ್ಟರಾಗಿ ಮೀಸಲು ಸೀಟಿನಲ್ಲಿ ಕೂತುಬಿಟ್ಟಿದ್ದೆ, ಜಗಳ ಬೇರೆ ಆಡಿದ್ದೆ. ರೇಖಾ ಅವರ ಭಾಷೆಯಲ್ಲಿ ಕ್ಷ‌ಮೆ ಕೇಳಿದಳು. ಅಜ್ಜ ಉದ್ದಕ್ಕೆ ಏನೋ ಹೇಳಿದ, ಮೇಜಿನವರೆಲ್ಲ ನಕ್ಕರು.

"ಏನಂತಾರ?" ಎಂದೆ.

"ಟವೆಲ್ ನೋಡಿ ಭಾಳ ಸಿಟ್ಟ ಬಂದಿತ್ತಂತ. ಆದ್ರ ಚಟ್ನಿ ತಂದಾವ್ರನ್ನ ಎಬ್ಬಸೂದು ಇವ್ರ ಪದ್ಧತಿ ಅಲ್ಲಂತ. ನಿನ್ನ ಹೆಸರು ಟವೆಲ್ ಸಾಹೇಬ್ರಂತ ಇಟ್ಟಾರ."

ಎಲ್ಲರೂ ಸರಿದು ಅವಳಿಗೂ ಜಾಗ ಕೊಟ್ಟರು. ಒಬ್ಬಳು ಅಜ್ಜಿ ಅವಳ ದವಾಖಾನೆಯ ಹೆಸರು ಕೇಳಿ ತನ್ನ ಮೊಣಕಾಲು ತೋರಿಸಿ ಏನೇನೋ ಹೇಳಿಕೊಂಡಳು. ರೇಖಾ ನಗುತ್ತಿದ್ದಳು. ಮೀಸೆಯಜ್ಜ ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಿ, ಚಾಕು ಹಿಡಿದೇ ಅವಳಿಗೆ ಒಂದು ಸಣ್ಣ ಪ್ರಶ್ನೆ ಕೇಳಿದ. ರೇಖಾಳ ಮುಖ ಕೆಂಪಾಯಿತು. ತಲೆ ಅಡ್ಡಡ್ಡ ಆಡಿತು. ಬಾಯಲ್ಲಿ "ನೈ" ಎಂಬಷ್ಟು ಬಂದೇಬಿಟ್ಟಿತ್ತು.

ಕಸ್ತೂರಿ ಮೇಜಿನ ಕೆಳಗೆ ಮಗಳ ಕಾಲು ತುಳಿದಳು. "ಹೂಂ ಅನ್ನ ಬೇ!"

"ಯಾ!" ಎಂದು ಚೀರಿದಳು ರೇಖಾ. ಯಾ ಅಂದರೆ ಅವರಲ್ಲಿ ಹೂಂ, ಆದರೆ ಚೀರಿದ್ದು ನೋವಿಗೋ ಉತ್ತರಕ್ಕೋ ತಿಳಿಯಲಿಲ್ಲ. ಅಜ್ಜ ತಲೆಯಾಡಿಸಿ ಮೂಲಂಗಿಗೆ ವಾಪಸ್ಸಾದ.

"ಅವ್ವಾ, ಅವ್ರು ಏನ ಕೇಳಿದ್ರಂತ ನಿನಗೇನ ಗೊತ್ತು?"

"ಉಣ್ಣಾಕ ಕರ್ಯಾವ್ರ ಮಾರಿ ನನಗ ತಿಳ್ಯೂದಿಲ್ಲೇನು?"

ಖರೆ ಇತ್ತು. ಬರುವ ಭಾನುವಾರವೂ ಬರುತ್ತೀಯಾ ಎಂದು ಕೇಳಿದ್ದನಂತೆ.

ಮನೆಗೆ ಹೋಗುವ ದಾರಿಯಲ್ಲಿ, ಅಜ್ಜ ಮೊದಲು ಮಾಂಸದ ಅಂಗಡಿ ನಡೆಸುತ್ತಿದ್ದ ಎಂದು ರೇಖಾ ಹೇಳಿದಳು. ಕಸ್ತೂರಿ ನಡೆಯುವುದನ್ನು ನಿಲ್ಲಿಸಿ, ಆ ಕೈಯಿಂದ ಮೂಲಂಗಿ ತಿಂದದ್ದನ್ನು ನೆನೆದಳು. ಆಮೇಲೆ "ಇರ್ಲಿ, ಈಗ ರಿಟಾಯರ್ ಆಗ್ಯಾರಲ್ಲ" ಎಂದು ಮುಂದೆ ನಡೆದಳು.

ಮತ್ತೆ ಸದಲಗಾ

ಟವೆಲ್ ಅಲ್ಲೇ ಮರೆತು ಬಂದದ್ದು ನನಗೆ ವಿಮಾನದಲ್ಲಿ ನೆನಪಾಯಿತು. ಕಸ್ತೂರಿಯ ಚಿಂತೆ ಬೇರೆ. ಹೊರಡುವ ಮೊದಲು ಅವಳು ಮಗಳಿಗೆ ಇನ್ನೊಂದು ತಾಟು ಕೊಡಿಸಿದ್ದಳು, ಆದರೆ ಮನಸ್ಸು ಗಟ್ಟಿಯಾಗಿರಲಿಲ್ಲ. "ಕಾಲ ತುಳದದ್ದಕ್ಕ ಹೂಂ ಅಂದಾಳ. ನಾ ಅಲ್ಲಿ ಇಲ್ಲದಾಗ ಹೋಗ್ತಾಳೇನು?" ಎಂದು ದಾರಿಯುದ್ದಕ್ಕೂ ಕೇಳಿದಳು. ನಾನು ಹೋಗುತ್ತಾಳೆ ಎಂದೆ. ನನಗೂ ಅನುಮಾನವಿತ್ತು.

ಮೊದಲ ಭಾನುವಾರ ಸಂಜೆ ಫೋನ್ ಮಾಡಿದರೆ ರೇಖಾ ದವಾಖಾನೆಯಲ್ಲಿದ್ದಳು. "ಡ್ಯೂಟಿ ಬದ್ಲಿ ಆತವ್ವಾ. ಹೋಗಾಕ ಆಗ್ಲಿಲ್ಲ." ಕಸ್ತೂರಿ ಫೋನ್ ನನ್ನ ಕೈಗೆ ಕೊಟ್ಟು ಎಮ್ಮೆ ಹಿಂಡಲು ಹೋದಳು. ಆ ವಾರವೆಲ್ಲ ನಿಪ್ಪಾಣಿಯ ದವಾಖಾನೆಗಳ ಹೆಸರು ನಮ್ಮ ಮನೆಯಲ್ಲಿ ಬಹಳ ಸಲ ಬಂತು. ಈ ಸಲ ಮಗಳು ಬಂದರೆ ವಾಪಸ್ಸು ಕಳಿಸುವುದಿಲ್ಲ ಎಂದಳು. ನಾನು ನಮ್ಮ ಮನೆಯ ಕಿಟಕಿ ನೋಡಿದೆ.

ಮುಂದಿನ ಭಾನುವಾರ ಫೋನ್ ತಾನಾಗಿಯೇ ಹೊಡೆದುಕೊಂಡಿತು. ತೆರೆದರೆ ರೇಖಾಳ ಮುಖ, ಏದುಸಿರು, ಹಿಂದೆ ಗಿಡಗಳು. "ಅಪ್ಪಾ, ಪಾಳಿ ಮುಗಿಯೂದ ತಡಾ ಆತು. ಈಗ ಬಂದೆ. ತ್ವಾಟದಾಗ ಕಾಲಿಡಾಕ ಜಾಗಾ ಇಲ್ಲ. ನೋಡಿಲ್ಲೆ." ಅವಳು ಫೋನ್ ತಿರುಗಿಸಿದಳು.

ಎಲ್ಲ ಮೇಜೂ ತುಂಬಿದ್ದವು. ಆ ಹಿತ್ತಾಳೆ ಫಲಕದ ಮೇಜೂ ತುಂಬಿತ್ತು. ಆದರೆ ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಅದರ ಮೇಲೆ ನನ್ನ ಕೆಂಪಂಚಿನ ಟವೆಲ್ ಹಾಸಿತ್ತು. ನಾವು ನೋಡುತ್ತಿದ್ದಂತೆಯೇ ಬಿಯರ್ ಹಿಡಿದ ಒಬ್ಬ ಗಟ್ಟಿಯಾಳು ಅಲ್ಲಿ ಕೂರಲು ಬಂದ. ಮೀಸೆಯಜ್ಜ ಏನೋ ಗುಡುಗಿ ಟವೆಲ್ಲನ್ನು ಕೈಯಿಂದ ಕುಟ್ಟಿದ. ಗಟ್ಟಿಯಾಳು ಹೊರಟುಹೋದ.

"ಹ್ವಾದ ಐತವಾರಾನೂ ಹಾಕಿದ್ರಂತಪ್ಪಾ" ಎಂದಳು ರೇಖಾ. "ನಾ ಬರ್ಲೇ ಇಲ್ಲ. ಅವ್ರು ಎದ್ದ ಹೋಗೂ ತನಕಾ ಅಲ್ಲಿ ಯಾರ್ನೂ ಕುಂದರಸಿಲ್ಲಂತ."

ನಾನು ಜೀವನಪೂರ್ತಿ ಕೇಳಿದ್ದನ್ನೇ ಕೇಳಿದೆ. "ಟವೆಲ್ ಯಾರದ್ರೀ ಅಂತ ಕೇಳ ಅವ್ರನ್ನ."

ರೇಖಾ ಕೇಳಿದಳು. ಅಜ್ಜ ಫೋನಿನ ಕಡೆ ನೋಡಿದ, ನನ್ನ ಗುರುತು ಹಿಡಿದ, ಮೀಸೆಯೊಳಗೆ ನಕ್ಕ. ಆಮೇಲೆ ದಪ್ಪ ಬೆರಳು ಎತ್ತಿ ನಮ್ಮ ಮಗಳ ಕಡೆಗೆ ತೋರಿಸಿದ.

ಕಸ್ತೂರಿ ಯಾವಾಗ ಬಂದು ನನ್ನ ಹೆಗಲ ಹಿಂದೆ ನಿಂತಿದ್ದಳೋ ಗೊತ್ತಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಫೋನ್ ಕಸಿದುಕೊಂಡು, ಎಂದಿನ ದನಿಯಲ್ಲೇ ಗದರಿಸಿದಳು.

"ನಿಂತ ಏನ ನೋಡ್ತಿ? ಕುಂದರ ಬೇ. ಉಣ್ಣು."